ಕಲ್ಲಿನ ಜೊತೆ ಬಂದವರು

ಕ್ಯಾಲಿಫೋರ್ನಿಯಾದ ನಮ್ಮ ಅಪಾರ್ಟ್‌ಮೆಂಟಿನ ಹಾಲಿನಲ್ಲಿ ಒಂದು ಪುಟ್ಟ ಸಮುದ್ರ ಇದೆ. 40 ಗ್ಯಾಲನ್ನಿನ ಗಾಜಿನ ತೊಟ್ಟಿ, ಉಪ್ಪು ನೀರು, ಎರಡು ಕ್ಲೌನ್ ಮೀನು, ಒಂದಷ್ಟು ಲೈವ್ ರಾಕ್. ಲೈವ್ ರಾಕ್ ಅಂದರೆ ಕಲ್ಲಿಗೇ ಜೀವ ಇದೆ ಅಂತಲ್ಲ. ಸಮುದ್ರದಲ್ಲಿದ್ದ ಕಲ್ಲು, ಅದರ ತೂತುಗಳ ತುಂಬ ಜೀವ. ಮೀನಿನ ಗಲೀಜಿನಿಂದ ಹುಟ್ಟುವ ಅಮೋನಿಯಾವನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಬೇಕು ಅಂತ ಅದನ್ನು ತರುತ್ತೇವೆ. ಜೊತೆಗೆ ನಾವು ಕರೆಯದವರೂ ಬರುತ್ತಾರೆ. ಅಕ್ವೇರಿಯಂ ಹುಚ್ಚಿನವರು ಅವರಿಗೆ ಇಟ್ಟ ಹೆಸರು ಹಿಚ್‌ಹೈಕರ್.

ಮೊದಲ ತಿಂಗಳು ಇಬ್ಬರು ಕಂಡರು. ಒಂದು, ಕಲ್ಲಿನ ಮೂಲೆಯಲ್ಲಿ ಅರಳಿದ್ದ ಕಂದು ಹೂವಿನಂಥದ್ದು. ಮುಟ್ಟಿದರೆ ಸರಕ್ಕನೆ ಒಳಗೆ. ಊರಿನ ನಾಚಿಕೆ ಮುಳ್ಳು ನೆನಪಾಗಿ ಖುಷಿಯಾಯ್ತು. ಸೀಗಡಿ ಚೂರು ತಿನ್ನಿಸಿದೆ. ಇನ್ನೊಂದು, ರಾತ್ರಿ ಎರಡು ಗಂಟೆಗೆ ಆಫೀಸಿನ ಆನ್‌ಕಾಲ್ ಮುಗಿಸಿ ಟಾರ್ಚ್ ಹಾಕಿದಾಗ ಕಂಡ ಗುಲಾಬಿ ಹುಳ. ಎರಡೂ ಬದಿಗೆ ಬಿಳಿ ಕೂದಲು. ಅದೇ ವಾರ ಒಂದು ಮೀನು ಸತ್ತು ಬಿದ್ದಿತ್ತು, ಹುಳ ಅದಕ್ಕೆ ಬಾಯಿ ಹಾಕಿತ್ತು. ತನಿಖೆ ಮುಗೀತು! ಇಕ್ಕಳ ಹಿಡಿದು ಮೂರು ರಾತ್ರಿ ಕೂತು ಒಂಬತ್ತು ಹುಳ ಸಾಯಿಸಿದೆ. ಒಂದರ ಕೂದಲು ಬೆರಳಿಗೆ ಚುಚ್ಚಿ ಉರಿ ಹತ್ತಿದ ಮೇಲಂತೂ ಸಿಟ್ಟು ಇನ್ನೂ ಏರಿತು.

ಆಗ ಊರಿಂದ ಅಪ್ಪ ಬಂದಿದ್ದರು. ನಿದ್ದೆ ಬಾರದೆ ಎದ್ದು ಬಂದು ನೋಡಿದರು.

"ಏನೋ ಮಾರಾಯ, ಎರೆಹುಳ ಕೊಲ್ತಾ ಕೂತಿದ್ದೀಯಲ್ಲೋ?"

"ಎರೆಹುಳ ಅಲ್ಲಪ್ಪ, ಇದು ಮೀನು ತಿಂದಿದೆ."

"ತಿನ್ನೋದು ನೋಡಿದ್ಯೋ, ಕೊಲ್ಲೋದು ನೋಡಿದ್ಯೋ?"

ನನ್ನ ಹತ್ರ ಉತ್ತರ ಇರಲಿಲ್ಲ. ಲಾಗ್ ನೋಡದೆ ಕೋಡ್ ಅಳಿಸುವ ಹುಡುಗರಿಗೆ ರಿವ್ಯೂನಲ್ಲಿ ಬೈಯೋನು ನಾನೇ.

ಮರುದಿನ ಫೋಟೋ ಹೋಲಿಸುತ್ತಾ ಕೂತೆ. ಅದು ಬ್ರಿಸಲ್ ವರ್ಮ್. ನಿಜಕ್ಕೂ ಎರೆಹುಳದ ದೂರದ ನೆಂಟ! ಈ ಜಾತಿಯಲ್ಲಿ ಹವಳ ತಿನ್ನುವ ಕೆಲವು ಪೋಕರಿಗಳಿವೆ, ಆದರೆ ತೊಟ್ಟಿಗೆ ಬರುವ ಹೆಚ್ಚಿನವು ಸತ್ತದ್ದು, ಉಳಿದದ್ದು ತಿಂದು ಸ್ವಚ್ಛ ಮಾಡುವಂಥವು. ನಾನು ಸಾಕಿದ ಹೂವು ಐಪ್ಟೇಸಿಯಾ. ಅಕ್ಕಪಕ್ಕದ ಹವಳಕ್ಕೆ ಕುಟುಕುತ್ತೆ, ಕೆರೆದು ತೆಗೆದರೆ ಉಳಿದ ಚೂರಿನಿಂದ ಮತ್ತೆ ಹುಟ್ಟುತ್ತೆ. ನನ್ನ ಉಪಚಾರದಲ್ಲಿ ಒಂದು ಹೋಗಿ ಹನ್ನೊಂದಾಗಿತ್ತು. ಅದನ್ನು ತಿನ್ನುವ ಪೆಪ್ಪರ್‌ಮಿಂಟ್ ಸೀಗಡಿ ತಂದು ಬಿಡಬೇಕಾಯ್ತು.

ಚಿಕ್ಕವನಿದ್ದಾಗಲೂ ಹೀಗೇ ಮಾಡಿದ್ದೆ. ಗದ್ದೆಯಲ್ಲಿ ಭತ್ತ ಕಿತ್ತು, ಭತ್ತದ ಹಾಗೇ ಕಾಣುವ ಕಳೆ ಉಳಿಸಿದ್ದೆ. ಅಪ್ಪ ಬೈಯಲಿಲ್ಲ. "ಮೇಲಿಂದ ನೋಡಬೇಡ, ಎಲೆ ದಂಟಿಗೆ ಸೇರೋ ಜಾಗ ನೋಡು" ಅಂದಿದ್ದರು. ಭತ್ತಕ್ಕೆ ಅಲ್ಲೊಂದು ತೆಳು ಪೊರೆ ಇರುತ್ತೆ, ಆ ಕಳೆಗೆ ಇರಲ್ಲ.

ಆ ಮೀನು ಯಾಕೆ ಸತ್ತಿತೋ ಈಗ ಹೇಳೋಕಾಗಲ್ಲ. ಆ ವಾರ ರಿಲೀಸ್ ಗಡಿಬಿಡಿಯಲ್ಲಿ ನೀರಿನ ಪರೀಕ್ಷೆಯನ್ನೇ ನಾನು ಮಾಡಿರಲಿಲ್ಲ. ಇದನ್ನು ಅಪ್ಪನಿಗೆ ಹೇಳೋಕೆ ಇನ್ನೂ ಎರಡು ದಿನ ಬೇಕಾಯ್ತು.

ಈಗ ಹೊಸದೇನೇ ಕಂಡರೂ ಟಾರ್ಚಿಗೆ ಕೆಂಪು ಹಾಳೆ ಸುತ್ತಿ ಒಂದು ವಾರ ಸುಮ್ಮನೆ ನೋಡುತ್ತೇನೆ. ಯಾವಾಗ ಹೊರಗೆ ಬರುತ್ತೆ, ಏನು ತಿನ್ನುತ್ತೆ ಅಂತ. ಹೋದ ವಾರದಿಂದ ಕಲ್ಲಿನೊಳಗೆ ಟಕ್ ಟಕ್ ಅಂತ ಸದ್ದು. ಪಿಸ್ತೂಲು ಸೀಗಡಿಯಾದರೆ ಚಿಂತೆಯಿಲ್ಲ, ಮ್ಯಾಂಟಿಸ್ ಶ್ರಿಂಪ್ ಆದರೆ ಮೀನಿಗೆ ಗಂಡಾಂತರ. ಊರಿಂದ ಅಪ್ಪ ಫೋನ್ ಮಾಡಿದಾಗಲೆಲ್ಲ ಕೇಳ್ತಾರೆ:

"ಕಂಡನೇನೋ?"

"ಇಲ್ಲಪ್ಪ. ಮೀನು ಚೆನ್ನಾಗಿದೆ."

"ಹಾಗಾದ್ರೆ ನೋಡ್ತಾ ಇರು."