ನಾಲ್ಕೂವರೆ ಡಾಲರಿನ ಸಂಜೆ

ಚೀಟಿ ಎತ್ತಿ ಆಯಿತು. ನಿಮ್ಮ ಚೀಟಿಯಲ್ಲಿ ‘ಮೇಷ್ಟ್ರು’ ಎಂದಿದೆ. ಪಕ್ಕದಲ್ಲಿ ನಿಂತಿರುವ ನಡುವಯಸ್ಸಿನ, ಸಾಧು ಮುಖದ ಅಕೌಂಟೆಂಟ್ ತಮ್ಮ ಚೀಟಿ ಬಿಡಿಸಿ ನೋಡಿ, ‘ನಾನು ವಿದ್ಯಾರ್ಥಿ’ ಎನ್ನುತ್ತಾರೆ. ಅಸಲಿಗೆ ಎರಡು ಚೀಟಿಯಲ್ಲೂ ಬರೆದಿರುವುದು ‘ಮೇಷ್ಟ್ರು’ ಎಂದೇ. ಅವರದನ್ನು ಇಸಿದುಕೊಂಡು ನೋಡಬೇಕೆಂದು ನಿಮಗೆ ಹೊಳೆಯುವುದಿಲ್ಲ. ಯಾರಿಗೆ ತಾನೇ ಹೊಳೆದೀತು?

ಊರು ಅಮೆರಿಕದ ನ್ಯೂ ಹೇವನ್. 1961ರ ಆಗಸ್ಟಿನಲ್ಲಿ ಶುರುವಾಗಿ ಮರುವರ್ಷದ ಮೇ ತನಕ ನಡೆದ ಪ್ರಯೋಗದ ಯಾವುದೋ ಒಂದು ಸಂಜೆ. ಯೇಲ್ ವಿಶ್ವವಿದ್ಯಾಲಯದ ಲಿನ್ಸ್ಲಿ-ಚಿಟೆಂಡನ್ ಹಾಲಿನ ನೆಲಮಾಳಿಗೆ. ಪೇಪರಿನಲ್ಲಿ ಜಾಹೀರಾತು ನೋಡಿ ಬಂದವರು ನೀವು: ನೆನಪಿನ ಶಕ್ತಿಯ ಅಧ್ಯಯನ, ಒಂದು ಗಂಟೆಯ ಕೆಲಸ, 4 ಡಾಲರ್ ಸಂಭಾವನೆ, ಓಡಾಟದ ಖರ್ಚಿಗೆ 50 ಸೆಂಟ್. ಕಾಲೇಜು ಹುಡುಗರು ಬೇಡ ಎಂದಿದ್ದರು. ಅಂಚೆ ಗುಮಾಸ್ತರು, ಸೇಲ್ಸ್‌ಮನ್‌ಗಳು, ಎಂಜಿನಿಯರುಗಳು, ಕೂಲಿಯವರು, ಹೀಗೆ ದುಡಿದು ತಿನ್ನುವ ಜನ ಬಂದಿದ್ದಾರೆ. ದುಡ್ಡನ್ನು ಮೊದಲೇ ಕೈಗಿಟ್ಟು, ಮುಂದೆ ಏನೇ ಆದರೂ ಇದು ನಿಮ್ಮದೇ ಎಂದು ಹೇಳಿದ್ದಾರೆ. ಆ ಮಾತು ನೆನಪಿರಲಿ, ಅರ್ಧ ಗಂಟೆಯಲ್ಲಿ ನೀವೇ ಅದನ್ನು ಮರೆಯುತ್ತೀರಿ.

ಬೂದು ಕೋಟಿನ ಪ್ರಯೋಗಕಾರರು ನಿಮ್ಮಿಬ್ಬರನ್ನೂ ಒಳಕೋಣೆಗೆ ಕರೆದೊಯ್ಯುತ್ತಾರೆ. ವಿದ್ಯಾರ್ಥಿಯ ತೋಳನ್ನು ಕುರ್ಚಿಗೆ ಪಟ್ಟಿ ಬಿಗಿದು ಕಟ್ಟುತ್ತಾರೆ. ಮಣಿಕಟ್ಟಿಗೆ ಎಂಥದೋ ಲೇಪ ಹಚ್ಚುತ್ತಾರೆ, ಬೊಬ್ಬೆ ಏಳದಿರಲಿ, ಸುಡದಿರಲಿ ಎಂದಂತೆ. ಆ ಅಕೌಂಟೆಂಟ್ ಸಂಕೋಚದಿಂದಲೇ, ತಮ್ಮ ಹೃದಯದಲ್ಲಿ ಸ್ವಲ್ಪ ತೊಂದರೆ ಇದೆಯೆಂದು ಹಿಂದೆ ಆಸ್ಪತ್ರೆಯಲ್ಲಿ ಹೇಳಿದ್ದರು, ಈ ಶಾಕ್‌ನಿಂದ ಅಪಾಯವೇನಾದರೂ ಇದೆಯೇ ಎಂದು ಕೇಳುತ್ತಾರೆ. ನೋವಾಗಬಹುದು, ಅಪಾಯವಿಲ್ಲ ಎಂಬ ಉತ್ತರ ಬರುತ್ತದೆ. ಬಾಗಿಲು ಮುಚ್ಚುತ್ತದೆ.

ಈಗ ನಿಮ್ಮ ಮುಂದೆ ಯಂತ್ರ. ಉದ್ದಕ್ಕೆ 30 ಸ್ವಿಚ್ಚುಗಳ ಸಾಲು: 15 ವೋಲ್ಟಿನಿಂದ ಶುರು, ಹದಿನೈದು ಹದಿನೈದು ಏರುತ್ತ 450ಕ್ಕೆ ಕೊನೆ. ಕೆಳಗೆ ಬರಹ: ಮೊದಲು ಸಣ್ಣ ಶಾಕ್, ಆಮೇಲೆ ಜೋರು, ಅತಿ ಜೋರು. 375ರ ಹತ್ತಿರ ‘ಅಪಾಯ’ ಎಂಬ ಎಚ್ಚರಿಕೆ. ಕೊನೆಯ ಎರಡು ಸ್ವಿಚ್ಚುಗಳ ಕೆಳಗೆ ಪದವೇ ಇಲ್ಲ, ಬರೀ ಮೂರು ಇಂಟು ಗುರುತು. ಮೂಲೆಯಲ್ಲಿ ಕಂಪನಿಯ ಹೆಸರು, ಊರು ಕೆತ್ತಿದ ಫಲಕವೂ ಉಂಟು. ಸುಳ್ಳಿಗೆ ಇಷ್ಟು ಅಚ್ಚುಕಟ್ಟು ಬೇಕಾಗುತ್ತದೆ. ಅನುಮಾನ ಉಳಿಯದಿರಲೆಂದು ನಿಮ್ಮ ಮಣಿಕಟ್ಟಿಗೇ 45 ವೋಲ್ಟ್ ಕೊಡುತ್ತಾರೆ. ಚುರುಕ್ ಎನ್ನುತ್ತದೆ. ಇಡೀ ಸಂಜೆಯಲ್ಲಿ ಯಾರಿಗಾದರೂ ಕರೆಂಟು ಹೊಡೆಯುವುದು ಅದೊಂದೇ ಸಲ.

ನೀವು ಜೋಡಿ ಪದಗಳನ್ನು ಓದುತ್ತೀರಿ. ಆಮೇಲೆ ಒಂದು ಪದ ಹೇಳಿದರೆ ಅದರ ಜೊತೆಯದನ್ನು ಅವರು ನಾಲ್ಕರಲ್ಲಿ ಆರಿಸಬೇಕು. ತಪ್ಪಿದರೆ ವೋಲ್ಟ್ ಎಷ್ಟೆಂದು ಹೇಳಿ ಸ್ವಿಚ್ಚು ಒತ್ತಬೇಕು; ಪ್ರತಿ ತಪ್ಪಿಗೂ ಒಂದು ಮೆಟ್ಟಿಲು ಮೇಲೆ. ಒತ್ತಿದಾಗೆಲ್ಲ ಕೆಂಪು ದೀಪ ಹತ್ತುತ್ತದೆ, ಗುಂಯ್ ಎಂಬ ಸದ್ದು ಕೇಳುತ್ತದೆ, ಮೀಟರಿನ ಮುಳ್ಳು ಬಲಕ್ಕೆ ಓಲಾಡುತ್ತದೆ.

75ಕ್ಕೆ ಗೋಡೆಯಾಚೆ ಒಂದು ನರಳಾಟ. 120ಕ್ಕೆ ನೋವಾಗುತ್ತಿದೆ ಎಂಬ ಕೂಗು. 150ಕ್ಕೆ, ಸಾಕು, ಬಿಡಿಸಿ, ಎದೆಯ ತೊಂದರೆ ಇದೆಯೆಂದು ಹೇಳಿದ್ದೆನಲ್ಲ ಎಂಬ ಚೀರಾಟ. ನೀವು ತಿರುಗಿ ನೋಡುತ್ತೀರಿ. ಬೂದು ಕೋಟಿನವರ ಮುಖದಲ್ಲಿ ಏನೂ ಇಲ್ಲ. ‘ದಯವಿಟ್ಟು ಮುಂದುವರಿಸಿ.’ ಇನ್ನೊಮ್ಮೆ ಹಿಂಜರಿದರೆ, ಪ್ರಯೋಗಕ್ಕೆ ನೀವು ಮುಂದುವರಿಸುವುದು ಬೇಕು. ಮತ್ತೊಮ್ಮೆ, ಮುಂದುವರಿಸಲೇಬೇಕು. ಕೊನೆಗೆ, ನಿಮಗೆ ಬೇರೆ ದಾರಿಯೇ ಇಲ್ಲ. ನಾಲ್ಕೂ ಮಾತು ಮೊದಲೇ ಬರೆದಿಟ್ಟದ್ದು. ಹೇಳುವವರು ವಿಜ್ಞಾನಿಯೂ ಅಲ್ಲ, ಹೈಸ್ಕೂಲಿನ ಜೀವಶಾಸ್ತ್ರದ ಮೇಷ್ಟ್ರು. ಬೈಗುಳವಿಲ್ಲ, ಬೆದರಿಕೆಯಿಲ್ಲ. ಎದ್ದು ಹೋದರೆ ಬಾಗಿಲಿಗೆ ಅಡ್ಡ ನಿಲ್ಲುವವರಿಲ್ಲ. ದುಡ್ಡು ಆಗಲೇ ನಿಮ್ಮ ಜೇಬಿನಲ್ಲಿದೆ.

ಆದರೂ ನೀವು ಎದ್ದಿಲ್ಲ. ಅಂಗೈ ಬೆವರುತ್ತಿದೆ, ಮಾತು ತೊದಲುತ್ತಿದೆ, ತುಟಿ ಕಚ್ಚುತ್ತಿದ್ದೀರಿ. ನಡುವೆ ಸಂಬಂಧವಿಲ್ಲದ ಒಂದು ನಗು ಬರುತ್ತದೆ, ತಡೆದರೂ ನಿಲ್ಲುವುದಿಲ್ಲ. ಮೊದಲ ಸುತ್ತಿನ 40 ಜನರಲ್ಲಿ 14 ಮಂದಿಗೆ ಈ ನಗು ಬಂದಿತ್ತು. ಮೂವರಿಗಂತೂ ಮೈಯೆಲ್ಲ ಅದುರಿ ಹತೋಟಿ ತಪ್ಪಿತ್ತು. ಕನ್ನಡಿಯಂತೆ ಕಾಣುವ ಗಾಜಿನಾಚೆ ಕೂತು ಇದನ್ನು ನೋಡಿ ಬರೆದುಕೊಳ್ಳುತ್ತಿದ್ದವರಿದ್ದರು. 28ರ ಸಹಾಯಕ ಪ್ರಾಧ್ಯಾಪಕ ಸ್ಟಾನ್ಲಿ ಮಿಲ್‌ಗ್ರಾಮ್ ಅವರ ಮುಖ್ಯಸ್ಥ. ಯೂರೋಪಿನಿಂದ ಬಂದ ಯಹೂದಿ ಕುಟುಂಬದ ಮಗ. ಲಕ್ಷಾಂತರ ಯಹೂದಿಗಳನ್ನು ಸಾವಿನ ಶಿಬಿರಗಳಿಗೆ ಸಾಗಿಸಿದ ನಾಜಿ ಅಧಿಕಾರಿ ಐಖ್‌ಮನ್, ತಾನು ಬರೀ ಮೇಲಿನವರ ಆಜ್ಞೆ ಪಾಲಿಸಿದೆ ಎಂದು ಅದೇ ವರ್ಷ ಜೆರುಸಲೇಮಿನ ಕೋರ್ಟಿನಲ್ಲಿ ವಾದಿಸುತ್ತಿದ್ದ. ಸಾಮಾನ್ಯ ಮನುಷ್ಯ ಎಲ್ಲಿಯವರೆಗೆ ಹೋಗುತ್ತಾನೆ ಎಂಬುದು ಮಿಲ್‌ಗ್ರಾಮ್‌ಗೆ ಪುಸ್ತಕದ ಪ್ರಶ್ನೆಯಾಗಿರಲಿಲ್ಲ. ಕೊನೆಯ ಸ್ವಿಚ್ಚನ್ನು ಸಾವಿರಕ್ಕೊಬ್ಬ ಒತ್ತಬಹುದು ಎಂದು ಮನೋವೈದ್ಯರು ಅಂದಾಜು ಮಾಡಿದ್ದರು.

330ರ ನಂತರ ಗೋಡೆಯಾಚೆ ಸದ್ದಿಲ್ಲ. ಉತ್ತರ ಬಾರದಿದ್ದರೂ ತಪ್ಪು ಉತ್ತರವೆಂದೇ ಲೆಕ್ಕ ಎನ್ನುತ್ತಾರೆ. ಸುಮ್ಮನಾದ ಕೋಣೆಗೆ ನೀವು ಪದ ಓದುತ್ತೀರಿ, ಕಾಯುತ್ತೀರಿ, ಒತ್ತುತ್ತೀರಿ. 40 ಜನರಲ್ಲಿ 26 ಮಂದಿ 450ರ ತನಕ ಹೋದರು.

ಈ ಸಂಖ್ಯೆ ಲೋಕಪ್ರಸಿದ್ಧ. ಮನಃಶಾಸ್ತ್ರದ ಪಠ್ಯಪುಸ್ತಕಗಳು ಸಾಮಾನ್ಯವಾಗಿ ಇಲ್ಲಿಗೇ ಪುಟ ತಿರುವುತ್ತವೆ. ಸ್ವಲ್ಪ ತಾಳಿ, ನೀವಿನ್ನೂ ಕುರ್ಚಿಯಿಂದ ಎದ್ದಿಲ್ಲ.

ಅಕೌಂಟೆಂಟ್ ಹೊರಬಂದು ಕೈ ಕುಲುಕುತ್ತಾರೆ, ಕೋಪವೇನಿಲ್ಲ ಎನ್ನುತ್ತಾರೆ. ಶಾಕ್ ನೀವಂದುಕೊಂಡಷ್ಟು ಜೋರಾಗಿರಲಿಲ್ಲ ಎಂದು ಸಮಾಧಾನ ಹೇಳುತ್ತಾರೆ. ಶಾಕೇ ಇರಲಿಲ್ಲ, ಕೂಗಾಟ ಟೇಪಿನದು, ಇಷ್ಟು ಹೊತ್ತು ಪರೀಕ್ಷೆಗೆ ಕೂತಿದ್ದವರು ನೀವು ಎಂಬ ಮಾತನ್ನು ಮಾತ್ರ ಹೇಳುವುದಿಲ್ಲ. ಮಿಲ್‌ಗ್ರಾಮ್ ತಮ್ಮ ಬರಹಗಳಲ್ಲಿ ಎಲ್ಲರಿಗೂ ಕೂಡಲೇ ಎಲ್ಲ ತಿಳಿಸಿದಂತೆ ಕಾಣುವ ಹಾಗೆ ಬರೆದರು. ಆಸ್ಟ್ರೇಲಿಯಾದ ಮನಃಶಾಸ್ತ್ರಜ್ಞೆ ಗಿನಾ ಪೆರಿ ಯೇಲ್‌ನಲ್ಲಿದ್ದ, ಪ್ರಯೋಗದ ಧ್ವನಿಮುದ್ರಣದ ಟೇಪುಗಳನ್ನು ಕೂತು ಕೇಳಿದಾಗ ಬೇರೆಯದೇ ಹೊರಬಿತ್ತು. 700ಕ್ಕೂ ಹೆಚ್ಚು ಜನರಲ್ಲಿ ಬಹುಪಾಲು ಮಂದಿ ಪೂರ್ತಿ ಸತ್ಯ ತಿಳಿಯದೆ ಮನೆಗೆ ಹೋಗಿದ್ದರು. ಬೂದು ಕೋಟಿನವರು ಆ ನಾಲ್ಕು ಮಾತಿಗೇ ನಿಂತಿರಲಿಲ್ಲ, ಬೇಡವೆಂದವರನ್ನೂ ಹೊಸ ಹೊಸ ಮಾತು ಕಟ್ಟಿ ಒತ್ತಾಯಿಸಿದ್ದರು.

ಏಕೆ ಹೇಳಲಿಲ್ಲ? ಸತ್ಯ ಊರಲ್ಲಿ ಹಬ್ಬಿದರೆ ನಾಳೆ ಬರುವವರು ಮೋಸಹೋಗುವುದಿಲ್ಲ. ಮುಂದಿನವರ ಅಜ್ಞಾನ ಕೆಡದಿರಲೆಂದು ನಿಮ್ಮನ್ನು ಕತ್ತಲಲ್ಲಿಟ್ಟರು. ವಿವರದ ವರದಿ ಅಂಚೆಯಲ್ಲಿ ಬಂದದ್ದು 1962ರ ಬೇಸಿಗೆಯಲ್ಲಿ, ಎಲ್ಲ ಸುತ್ತುಗಳೂ ಮುಗಿದ ಮೇಲೆ. ಮೊದಲ ತಿಂಗಳುಗಳಲ್ಲಿ ಬಂದವರು ವರ್ಷದ ಹತ್ತಿರ ಕಾದಂತಾಯಿತು. ಅವರಲ್ಲೊಬ್ಬರು ಆಮೇಲೆ ಬರೆದು ತಿಳಿಸಿದ್ದಾರೆ: ಆ ಮನುಷ್ಯ ನನ್ನಿಂದ ಸತ್ತನೇನೋ ಎಂದು ಎರಡು ವಾರವಾದರೂ ದಿನಪತ್ರಿಕೆಯ ನಿಧನವಾರ್ತೆ ನೋಡುತ್ತಿದ್ದೆ, ಹೆಸರು ಕಾಣದಿದ್ದಾಗ ನಿರಾಳವಾಯಿತು ಎಂದು.

ಮಿಲ್‌ಗ್ರಾಮ್ ಪರವಾಗಿಯೂ ಹೇಳುವುದಿದೆ. ಮನಃಶಾಸ್ತ್ರಜ್ಞೆ ಡಯಾನಾ ಬಾಮ್‌ರಿಂಡ್ 1964ರಲ್ಲಿ ಇದು ಜನರ ನಂಬಿಕೆಗೆ ಬಗೆದ ದ್ರೋಹವೆಂದು ಕಟುವಾಗಿ ಬರೆದಾಗ, ಮಿಲ್‌ಗ್ರಾಮ್, ಭಾಗವಹಿಸಿದವರು ತುಂಬಿ ಕಳಿಸಿದ ಪ್ರಶ್ನಾವಳಿ ಮುಂದಿಟ್ಟರು. ಉತ್ತರಿಸಿದವರಲ್ಲಿ ಶೇ. 84 ಮಂದಿ ಭಾಗವಹಿಸಿದ್ದಕ್ಕೆ ಸಂತೋಷ ಎಂದಿದ್ದರು, ಶೇ. 1.3 ಮಂದಿ ಮಾತ್ರ ಬೇಸರ ಎಂದಿದ್ದರು. ನನಗೆ ಈ ಲೆಕ್ಕ ಒಪ್ಪಿಗೆಯಾಗುವುದಿಲ್ಲ. ಎರಡು ವಾರ ನಿಧನವಾರ್ತೆ ಓದಿದವರಿಗೆ ಅದೆಲ್ಲ ವಿಜ್ಞಾನಕ್ಕಾಗಿ ಎಂದು ಆಮೇಲೆ ತಿಳಿದರೆ, ಸಂತೋಷವೆಂದು ಬರೆಯುವುದು ಬಿಟ್ಟು ಇನ್ನೇನು ಬರೆದಾರು? ಅದನ್ನು ಕೇಳಿದ್ದೂ ಅದೇ ಯೇಲ್. ಹಾಗೆಂದು ಆ ಪ್ರಯೋಗವೇ ಕೂಡದಿತ್ತು ಎನ್ನಲೂ ಮನಸ್ಸು ಬಾರದು. ಬೇರೆ ಸುತ್ತುಗಳಲ್ಲಿ, ಆಜ್ಞೆ ಕೊಡುವವರು ಎದುರಿಗಿರದೆ ಫೋನಿನಲ್ಲಿ ಹೇಳಿದಾಗ ಪಾಲಿಸಿದವರು ಐದರಲ್ಲೊಬ್ಬರಷ್ಟೇ, ಜೊತೆಗಿದ್ದ ಇಬ್ಬರು ಆಗುವುದಿಲ್ಲ ಎಂದು ಎದ್ದಾಗ ಹತ್ತರಲ್ಲೊಬ್ಬರು. ಇಂಥ ಬೆಲೆಬಾಳುವ ಸಂಗತಿ ಸುಲಭಕ್ಕೆ ದಕ್ಕುವುದಿಲ್ಲ. ಒಳಗಿನ ಸುಳ್ಳಿಗೆ ಒಂದು ಕಾರಣವಾದರೂ ಇತ್ತು. ಬಾಗಿಲ ತನಕ ಬಂದು ಕೈ ಕುಲುಕಿದ ಸುಳ್ಳಿಗೆ ಅನುಕೂಲ ಬಿಟ್ಟು ಬೇರೆ ಕಾರಣವಿರಲಿಲ್ಲ.

ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾ ವಿಶ್ವವಿದ್ಯಾಲಯದ ಜೆರಿ ಬರ್ಗರ್ ಈ ಪ್ರಯೋಗವನ್ನೇ ಮತ್ತೆ ಮಾಡಿ 2009ರಲ್ಲಿ ಪ್ರಕಟಿಸಿದರು. ಮನಸ್ಸಿಗೆ ಪೆಟ್ಟಾಗುವಂಥವರನ್ನು ತಜ್ಞರಿಂದ ಪರೀಕ್ಷಿಸಿ ಮೊದಲೇ ಕೈಬಿಟ್ಟರು. ಯಾವಾಗ ಬೇಕಾದರೂ ಎದ್ದು ಹೋಗಬಹುದು ಎಂದು ಮತ್ತೆ ಮತ್ತೆ ಹೇಳಿದರು. 150 ವೋಲ್ಟಿಗೇ ನಿಲ್ಲಿಸಿದರು. ಅಲ್ಲೂ ಶೇ. 70 ಮಂದಿ ಮುಂದಿನ ಸ್ವಿಚ್ಚಿಗೆ ಸಿದ್ಧರಾಗಿಯೇ ಇದ್ದರು. ಶಾಕ್ ಇರಲಿಲ್ಲ ಎಂದು ಅವರಿಗೆ ತಿಳಿಸಿದ್ದು ಪ್ರಯೋಗ ನಿಂತ ಕೆಲವೇ ಸೆಕೆಂಡುಗಳಲ್ಲಿ.