ಸಿಗಾರ್ ಮಡಗೋಕೆ ರೇಷ್ಮೆ ಮನೆ ಸರಿಯಾ?

ನಮ್ಮ ಕೂಟಗಲ್ ಕಡೆ ಬೀಡಿ, ಸಿಗರೇಟು, ಹೊಗೆಸೊಪ್ಪು ಯಾರಿಗೂ ಹೊಸದಲ್ಲ. ಸಿಗಾರ್ ಮಾತ್ರ ನಾವು ಸಿನಿಮಾದಲ್ಲಿ ವಿಲನ್ ಬಾಯಲ್ಲಿ ನೋಡಿದ್ದಷ್ಟೇ. ಬೆಂಗಳೂರಲ್ಲಿ ಕಾರು ಓಡಿಸುವ ಪಕ್ಕದ ಕೇರಿ ಹುಡುಗನಿಗೆ ವಿದೇಶದ ಅತಿಥಿಯೊಬ್ಬರು ಹತ್ತು ಸಿಗಾರ್ ಇರುವ ಮರದ ಪೆಟ್ಟಿಗೆ ಕೊಟ್ಟು ಹೋದರು. ಪೇಪರ್‌ನವರಿಗೆ ಎಲ್ಲ ಗೊತ್ತಿರುತ್ತೆ ಅಂತ ಅವನು ನಮ್ಮನ್ನು ಹುಡುಕಿಕೊಂಡು ಬಂದ.

"ಅಣ್ಣಾ, ಇದು ಹಳೇದಾದಷ್ಟೂ ರುಚಿಯಂತೆ. ತಂಗಿ ಮದ್ವೆ ಗಂಟ ಮಡಗ್ಬೇಕು. ಹೆಂಗೆ?"

ಒಂದಷ್ಟು ಓದಿದೆವು, ತಿಳಿದವರನ್ನು ಕೇಳಿದೆವು. ಗೊತ್ತಾಗಿದ್ದು ಇಷ್ಟು.

ಸಿಗಾರ್‌ನಲ್ಲಿ ಕಾಗದ ಇಲ್ಲ, ಪೂರ್ತಿ ಎಲೆಯೇ. ಒಳಗೆ ತುಂಬಿದ ಎಲೆ, ಅದನ್ನು ಹಿಡಿದಿಡುವ ಎಲೆ, ಮೇಲೆ ಸುತ್ತಿದ ಎಲೆ, ಹೀಗೆ ಮೂರು ಪದರ. ಆರಿಸುವಾಗ ಬೆರಳಲ್ಲಿ ಮೆಲ್ಲಗೆ ಅದುಮಬೇಕು. ಉದ್ದಕ್ಕೂ ಒಂದೇ ಸಮ ಇರಬೇಕು. ಗಂಟು ಸಿಕ್ಕರೆ ಹೊಗೆ ಎಳೆಯಲ್ಲ, ಟೊಳ್ಳು ಸಿಕ್ಕರೆ ಬೇಗ ಉರಿದುಹೋಗುತ್ತೆ. ಮೇಲಿನ ಎಲೆ ಬಿರಿದಿರಬಾರದು, ಸಣ್ಣಗೆ ಎಣ್ಣೆ ಹೊಳಪು ಇರಬೇಕು. ಬಣ್ಣ ಕಪ್ಪಗಿದ್ದ ಮಾತ್ರಕ್ಕೆ ಜೋರು ಅಂತಲ್ಲ.

ನಮ್ಮಜ್ಜಿ ಸಂತೆಯಲ್ಲಿ ಹೊಗೆಸೊಪ್ಪು ಆರಿಸುತ್ತಿದ್ದುದೂ ಹಿಂಗೇ. ಬಗ್ಗಿಸಿದರೆ ಮುರಿಯಬಾರದು, ಮೂಸಿದರೆ ಬೂಷ್ಟಿನ ವಾಸನೆ ಬರಬಾರದು. ಬಾಳೆಪಟ್ಟೆಯಲ್ಲಿ ಸುತ್ತಿ ಮಡಕೆಯಲ್ಲಿಡೋಳು. ಹಳೇ ಸೊಪ್ಪಿಗೆ ಘಾಟು ಕಮ್ಮಿ ಅನ್ನೋಳು. ಅದು ನಿಜ. ಹುಣಸೂರು, ಪಿರಿಯಾಪಟ್ಟಣದಲ್ಲಿ ಸಿಗರೇಟಿನ ಎಲೆಯನ್ನು ಬ್ಯಾರನ್ನಿನಲ್ಲಿ ಬಿಸಿಗಾಳಿ ಕೊಟ್ಟು ಒಂದು ವಾರದಲ್ಲಿ ಒಣಗಿಸುತ್ತಾರೆ. ಸಿಗಾರ್ ಎಲೆಯನ್ನು ನೆರಳಲ್ಲಿ ತೂಗುಹಾಕಿ ವಾರಗಟ್ಟಲೆ ಒಣಗಿಸಿ, ಆಮೇಲೆ ತೇವ ಮಾಡಿ ರಾಶಿ ಹಾಕುತ್ತಾರೆ. ತಿಪ್ಪೆಯಂತೆ ರಾಶಿ ಒಳಗೊಳಗೇ ಕಾವು ಏರುತ್ತೆ. ತಿರುವಿ ತಿರುವಿ ಹಾಕಿದಂತೆ ಅಮೋನಿಯಾ ಘಾಟು ಹೊರಟುಹೋಗುತ್ತೆ. ಪೆಟ್ಟಿಗೆಯಲ್ಲಿಟ್ಟು ಹಳತು ಮಾಡುವುದು ಇದೇ ಕೆಲಸದ ನಿಧಾನದ ಮುಂದುವರಿಕೆ.

ಹಾಗೆ ಇಡಬೇಕಾದರೆ ಗಾಳಿಯಲ್ಲಿ ತೇವಾಂಶ ಶೇ. 65ರಿಂದ 70 ಇರಬೇಕು. ಕಮ್ಮಿಯಾದರೆ ಎಲೆ ಬಿರಿಯುತ್ತೆ, ಜಾಸ್ತಿಯಾದರೆ ಬೂಷ್ಟು. ಬಿಸಿ 24 ಡಿಗ್ರಿ ದಾಟಿದರೆ ಎಲೆಯೊಳಗಿನ ಮೊಟ್ಟೆ ಒಡೆದು ಹುಳ ಏಳುತ್ತೆ. ಮನೆಯಲ್ಲಿಟ್ಟ ಅರಿಶಿನ, ಒಣಮೆಣಸಿನಕಾಯಿಗೆ ತೂತು ಕೊರೆಯುವ ಸಣ್ಣ ಕಂದು ಹುಳ ಇದೆಯಲ್ಲ, ಅದೇ ಜಾತಿ.

ಇಷ್ಟು ಹೇಳುವಷ್ಟರಲ್ಲಿ ಹುಡುಗನ ಮುಖ ಅರಳಿತು. "ನಮ್ ರೇಷ್ಮೆ ಮನೇಲಿ ಮೀಟರ್ ಐತಲ್ಲಣ್ಣಾ, ಅಲ್ಲೇ ಮಡಗ್ತೀನಿ!"

ಅವನ ಲೆಕ್ಕ ತಪ್ಪಲ್ಲ. ನಾಲ್ಕನೇ ಜ್ವರ ಎದ್ದ ಹುಳಕ್ಕೆ ಬೇಕಾದದ್ದೂ 24 ಡಿಗ್ರಿ, ಶೇ. 70 ತೇವಾಂಶ. ಗೋಣಿತಾಟು ನೆನೆಸಿ ತೇವ ಕಾಯುವುದನ್ನು ನಮ್ಮ ಹೆಂಗಸರಿಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಹೊಗೆಸೊಪ್ಪಿನ ನಿಕೋಟಿನ್ ರೇಷ್ಮೆ ಹುಳಕ್ಕೆ ನೇರ ವಿಷ. ತಂಬಾಕು ಹೊಲದ ಪಕ್ಕದ ಹಿಪ್ಪುನೇರಳೆ ಸೊಪ್ಪು ತಿಂದರೂ ಹುಳ ತಲೆ ಎತ್ತಿ ಒದ್ದಾಡಿ, ಕಕ್ಕಿ ಸಾಯುತ್ತೆ. ಬೀಡಿ ಸೇದಿದವರನ್ನು ರೇಷ್ಮೆ ಮನೆಯೊಳಗೆ ಬಿಡದಿರುವುದು ಬರೀ ಮಡಿ ಅಲ್ಲ. ಅವನವ್ವ ಆಗ ಸಾಕುತ್ತಿದ್ದುದು ನೂರು ಮೊಟ್ಟೆ ಹುಳ. ರಾಮನಗರ ಮಾರ್ಕೆಟ್ಟಿಗೆ ಹೋಗಬೇಕಿದ್ದ ಆ ಗೂಡನ್ನೇ ನಂಬಿ ಮದುವೆಯ ಚೌಲ್ಟ್ರಿಗೆ ಮುಂಗಡ ಕೊಟ್ಟಿದ್ದರು. ಒಂದು ಪೆಟ್ಟಿಗೆ ಸಿಗಾರ್‌ಗೋಸ್ಕರ ಅಷ್ಟನ್ನೂ ಪಣಕ್ಕಿಡೋದಾ?

"ಸರಿ ಬುಡಣ್ಣಾ. ಆದ್ರೆ ಇದ್ರ ಹೊಗೇನ ಒಳಿಕ್ ಎಳ್ಕಳಂಗಿಲ್ವಂತೆ. ಸಿಗರೇಟ್ನಷ್ಟು ಕೆಟ್ಟದ್ದಲ್ಲ ಅಲ್ವಾ?" ಅಂದ.

ಇಲ್ಲಿ ನಾವು ನಮ್ಮಜ್ಜಿ ಕತೆ ಹೇಳಲೇಬೇಕಾಯಿತು. ಎಲೆಅಡಿಕೆಗೆ ಸುಣ್ಣ ಯಾಕೆ ಹಚ್ತಾರೆ? ಸುಣ್ಣ ಸೇರಿದರೆ ಹೊಗೆಸೊಪ್ಪಿನ ನಿಕೋಟಿನ್ ಬಾಯಿಯ ಚರ್ಮದಿಂದಲೇ ಬೇಗ ರಕ್ತಕ್ಕಿಳಿಯುತ್ತೆ. ಸಿಗಾರ್ ಹೊಗೆಯ ಗುಣವೂ ಸುಣ್ಣದ ಥರ ಕ್ಷಾರ. ಅದಕ್ಕೇ ಒಳಗೆಳೆಯದಿದ್ದರೂ ಅಮಲು ಏರುತ್ತೆ, ಅದಕ್ಕೇ ಪೆಟ್ಟು ಮೊದಲು ಬೀಳೋದು ಬಾಯಿಗೆ. ದೊಡ್ಡ ಸಿಗಾರ್ ಒಂದರಲ್ಲಿ ಒಂದು ಪ್ಯಾಕ್ ಸಿಗರೇಟಿನಷ್ಟು ತಂಬಾಕು ಇರಬಹುದು. ಹಳತಾದರೆ ಘಾಟು ಹೋಗುತ್ತೆ, ಕ್ಯಾನ್ಸರ್ ತರುವ ವಿಷ ಹೋಗಲ್ಲ. ಒಣಗಿಸುವಾಗ, ರಾಶಿಯಲ್ಲಿ ಹುದುಗುವಾಗ ಅದು ಹೆಚ್ಚುತ್ತೆ.

ಅಜ್ಜಿಯ ಎಡಗೆನ್ನೆ ಒಳಗೆ ಹುಣ್ಣಾಯಿತು. ಅದೇ ಜಾಗದಲ್ಲಿ ಅವಳು ನಲವತ್ತು ವರ್ಷ ಸೊಪ್ಪು ಒತ್ತಿಟ್ಟಿದ್ದಳು. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಓಡಾಡಿದೆವು. ಕೊನೆಯ ವರ್ಷ ಮುದ್ದೆ ನುಂಗೋಕಾಗದೆ ರಾಗಿ ಗಂಜಿಯಲ್ಲೇ ಕಳೆದಳು. ಅಷ್ಟು ಚೆನ್ನಾಗಿ ಸೊಪ್ಪು ಆರಿಸುತ್ತಿದ್ದ ಕೈಯೇ ಆಮೇಲೆ ಎಲೆಅಡಿಕೆ ಚೀಲವನ್ನು ಒಲೆಗೆ ಹಾಕಿತು.

ಹುಡುಗ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಪೆಟ್ಟಿಗೆಯನ್ನು ಬೆಂಗಳೂರಿನ ರೂಮಿಗೆ ವಾಪಸ್ ತಗೊಂಡು ಹೋದ. ಸೇದುವುದು ಬಿಡುವುದು ಅವನಿಗೆ ಬಿಟ್ಟದ್ದು. ಅವರ ಹುಳ ಹಣ್ಣಾಗಿ ಚಂದ್ರಿಕೆ ಏರಿತು, ಗೂಡು ಚೆನ್ನಾಗಿ ಬಂತು.

ರೇಷ್ಮೆ ಮಾಡುವ ಮನೆಯವರು ಒಂದು ನೆನಪಿಡಿ. ಬೀಡಿ, ಹೊಗೆಸೊಪ್ಪು, ಸಿಗಾರ್ ಯಾವುದೇ ಮುಟ್ಟಿದ್ದರೂ ಸೊಪ್ಪು ಕೊಯ್ಯುವ ಮುಂಚೆ ಸೋಪು ಹಾಕಿ ಕೈ ತೊಳೆದುಕೊಳ್ಳಿ, ಅಂಗಿ ಬದಲಿಸಿ. ಬಾಯಲ್ಲಿ ಹುಣ್ಣಾಗಿ ಎರಡು ವಾರವಾದರೂ ಮಾಯದಿದ್ದರೆ ಮೊದಲು ಡಾಕ್ಟರಿಗೆ ತೋರಿಸಿ.