ಸ್ಟಾಪ್ ಪೇಮೆಂಟ್

ಪುಣೆಯಲ್ಲಿ ಎಷ್ಟು ವರ್ಷ ಕಳೆದರೇನು, ಕಾಯಿಲೆಯ ಸುದ್ದಿ ಊರಿಗೆ ಹೇಳುವುದು ಊರ ಮಾತಿನಲ್ಲೇ. ಮಗಳಿಗೆ ಲೂಪಸ್ ಎಂದಾಗ ಧಾರವಾಡದ ಅಕ್ಕ, "ಅದೆಂಥಾ ಜಡ್ಡೋ ತಮ್ಮಾ, ತಿಳಿಯೂ ಹಂಗ ಹೇಳು" ಅಂದಳು. ದೇಹದ ಕಾವಲುಗಾರನೇ ಮನೆಯವರ ಮೇಲೆ ಕೈಮಾಡುವ ರೋಗ, ಹತ್ತರಲ್ಲಿ ಒಂಬತ್ತು ರೋಗಿಗಳು ಹೆಂಗಸರೇ ಎಂದೆ. "ಅವನ್ನ ಹಿಡಿಯವರು ಯಾರೂ ಇಲ್ಲೇನು?" ಅಂದಳು. ಪ್ರಶ್ನೆ ಸರಿಯಾದದ್ದೇ. ಎಂ.ಕಾಂ. ಓದಿದ ನಾನು ಉತ್ತರಕ್ಕಾಗಿ ಜೀವಶಾಸ್ತ್ರ ಓದಬೇಕಾಯಿತು.

ಬ್ಯಾಂಕಿನ ಲೆಕ್ಕದಲ್ಲೇ ಹೇಳುತ್ತೇನೆ. ಪ್ರೋಟೀನು ಬೇಕೆಂದು ಜೀನು ಬರೆದು ಕಳಿಸುವ ಚೆಕ್ಕು ಮೆಸೆಂಜರ್ ಆರ್‌ಎನ್‌ಎ. ಸುಮಾರು 22 ಅಕ್ಷರಗಳ ಮೈಕ್ರೋ ಆರ್‌ಎನ್‌ಎ ಎಂಬ ಚೋಟುದ್ದದ ಚೀಟಿ ಅದಕ್ಕೆ ಅಂಟಿಕೊಂಡಿತೋ, ಸ್ಟಾಪ್ ಪೇಮೆಂಟ್! 1993ರಲ್ಲಿ ಒಂದು ಪುಟ್ಟ ಹುಳುವಿನಲ್ಲಿ ಇದನ್ನು ಕಂಡುಕೊಂಡ ಆಂಬ್ರೋಸ್, ರವ್ಕುನ್ ಅವರಿಗೆ ನೊಬೆಲ್ ಬಂದದ್ದು 2024ರಲ್ಲಿ. (ನಮ್ಮ ಪ್ರಮೋಶನ್ನುಗಳೇ ವಾಸಿ.)

ವೈರಸ್ ನುಗ್ಗಿದಾಗ ದೇಹ ಊದುವ ಕಹಳೆ ಇಂಟರ್‌ಫೆರಾನ್. ಅದನ್ನು ತಗ್ಗಿಸುವ ಚೀಟಿಗಳಲ್ಲಿ ಒಂದು ಮಿರ್-146ಎ. ಲೂಪಸ್ ರೋಗಿಗಳ ರಕ್ತದಲ್ಲಿ ಇದು ಕಡಿಮೆ ಎಂದು ಚೀನಾದ ಸಂಶೋಧಕರು 2009ರಲ್ಲಿ ತೋರಿಸಿದರು. ಚೀಟಿ ಸಾಲದಾದರೆ ವೈರಸ್ ಇಲ್ಲದೆಯೂ ಕಹಳೆ ಮೊಳಗುತ್ತಲೇ ಇರುತ್ತದೆ. ಮಗಳ ಕೀಲುನೋವು, ಕೆನ್ನೆಯ ಕೆಂಪು ಎಲ್ಲ ಆ ಗದ್ದಲದ ಫಲ.

ಚೀಟಿಯನ್ನೇ ಮದ್ದಾಗಿ ಕೊಡುವ ಕೆಲಸ ಇನ್ನೂ ಪ್ರಯೋಗದ ಹಂತದಲ್ಲಿದೆ. ಸದ್ಯಕ್ಕೆ ಅವಳು ಹೈಡ್ರಾಕ್ಸಿಕ್ಲೋರೋಕ್ವಿನ್ ನುಂಗುತ್ತಾಳೆ, ಬಿಸಿಲಿಗೆ ಕೊಡೆ ಹಿಡಿಯುತ್ತಾಳೆ, ಆಫೀಸಿಗೆ ಹೋಗುತ್ತಾಳೆ.